ಒಂದು ಪದ್ಯದಷ್ಟು ನಿದ್ದೆ

"ಎದ್ದಿತಾ?"

ಗಂಡನ ಬಲಗೈ ಅಂಗಿತೋಳಿನ ಗುಂಡಿ ಹಾಕುತ್ತಿದ್ದವಳ ಬಾಯಿಂದ ಆ ಮಾತು ತಾನಾಗಿ ಹೊರಬಿತ್ತು. ಯಾರನ್ನೂ ಕುರಿತು ಕೇಳಿದ್ದಲ್ಲ. ಕೈ ತಣ್ಣಗಿತ್ತು, ಬೆರಳುಗಳು ಸೆಟೆದಿದ್ದವು, ಗುಂಡಿ ಕಾಜಕ್ಕೆ ಸಿಗದೆ ಜಾರಿ ಜಾರಿ ಹೋಗುತ್ತಿತ್ತು. ನಡುಮನೆಯಲ್ಲಿ ಗೋಡೆಗೊರಗಿ ಕೂತು ಪಿಸುಗುಟ್ಟುತ್ತಿದ್ದವರೆಲ್ಲ ಒಮ್ಮೆಲೇ ತಲೆಯೆತ್ತಿದರು. ಹೆಣದ ಮುಂದೆ ಕೂತು ಕೇಳುವ ಮಾತೇ ಅದು?

ಬಾಗಿಲಲ್ಲಿ ನಿಂತು ಗಾಡಿಯವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ ಮೈದುನ ತಿರುಗಿ ನೋಡಿದ. "ಏನಂದ್ರಿ ಅತ್ತಿಗೆ?"

"ಏನಿಲ್ಲ."

"ಒಳಗೆ ಹೋಗಿ ಸ್ವಲ್ಪ ಮಲಗಿ. ಗಾಡಿ ಬರೋಕೆ ಇನ್ನೂ ಹೊತ್ತಿದೆ."

"ಮಲಗಲ್ಲ." ಗುಂಡಿ ಕೊನೆಗೂ ಕೂತಿತು. ಅವಳು ಆ ಕೈಯನ್ನು ಎದೆಯ ಮೇಲಿಟ್ಟು, ಜಾರದ ಹಾಗೆ ಸರಿಮಾಡಿದಳು.

"ಪಾಪ, ಬೆಳಿಗ್ಗೆಯಿಂದ ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಅದಕ್ಕೇ ಹೀಗೆ ಏನೇನೋ ಬಡಬಡಿಸ್ತಾಳೆ," ಎಂದರು ಎದುರುಮನೆ ಟೀಚರು, ಪಿಸುಮಾತು ಎಂದುಕೊಂಡು ಎಲ್ಲರಿಗೂ ಕೇಳುವ ಹಾಗೆ.

ಮೂಲೆಯಲ್ಲಿ ಕೂತಿದ್ದ, ಎಲ್ಲರೂ ಗಡ್ಡ ಎಂದೇ ಕರೆಯುವವನು ಮಾತ್ರ ತಲೆ ತಗ್ಗಿಸಿದ. ಅವನು ಫೋಟೋ ಸ್ಟುಡಿಯೋದವನು, ಸತ್ತವನ ಗೆಳೆಯ. ಆ ಮಾತು ಯಾರದೆಂದು ಅವನಿಗೆ ಗೊತ್ತಿತ್ತು. ಅದು ಅವಳದಲ್ಲ, ಮಲಗಿದವನದು. ವರ್ಷಗಟ್ಟಲೆ ಪ್ರತಿ ಸಂಜೆ ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ತೆಗೆದು, ಹೆಂಡತಿಯನ್ನೂ ಅಲ್ಲ, ಯಂತ್ರವನ್ನೂ ಅಲ್ಲ, ಬರೀ ಗಾಳಿಯನ್ನು ಅವನು ಕೇಳುತ್ತಿದ್ದ ಮಾತು: ಎದ್ದಿತಾ?

ಗಂಡನ ಹೊಟ್ಟೆಪಾಡಿನ ಕೆಲಸವೂ ಕೇಳುವುದೇ. ಕಿವಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವನು. ರೋಗಿಯನ್ನು ಸದ್ದು ಹೊಗದ ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ನೂಲೆಳೆಯಂಥ ಸಣ್ಣ ಸಣ್ಣ ಸ್ವರ ಕಳಿಸುವುದು. ಕೇಳಿಸಿದರೆ ಬೆರಳೆತ್ತಬೇಕು. ಕೇಳಿಸ್ತಾ? ಈಗ ಕೇಳಿಸ್ತಾ? ಹಗಲೆಲ್ಲ ಅದು, ಸಂಜೆಯೆಲ್ಲ ಇದು. "ಎರಡೇ ಎರಡು ಪ್ರಶ್ನೆ ಇಟ್ಕೊಂಡು ಆಯುಸ್ಸೆಲ್ಲ ಕಳೆದುಬಿಡ್ತೀರಿ ನೀವು," ಎಂದು ಅವಳು ರೇಗಿಸುತ್ತಿದ್ದಳು. ಹಾಗೇ ಕಳೆದುಬಿಟ್ಟ.

*

ಆ ಲ್ಯಾಪ್‌ಟಾಪು ಆಸ್ಪತ್ರೆಯಲ್ಲಿ ಹಳತಾಗಿ ಮೂಲೆ ಸೇರಿದ್ದು. ಎಸೆಯುತ್ತಾರೆಂದು ಗೊತ್ತಾದಾಗ ಕೇಳಿ ತಂದ. ಅದಕ್ಕೆ ಗಡ್ಡ ಯಂತ್ರವನ್ನು ನಡೆಸುವ, ಯುನಿಕ್ಸ್ ಜಾತಿಯ ಒಂದು ಸಿಸ್ಟಮ್ ಹಾಕಿಕೊಟ್ಟ. ಎಲ್ಲೆಲ್ಲೋ ಕೂತವರು ತಮ್ಮ ಪಾಡಿಗೆ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟುಕೊಟ್ಟದ್ದು. ಎಲ್ಲ ಚೆನ್ನಾಗಿತ್ತು, ಒಳಗಿನ ಫ್ಯಾನು ಮಾತ್ರ ಹಗಲಿರುಳು ಗುಂಯ್ ಎನ್ನುತ್ತಿತ್ತು. ಅವಳದೋ ಸೂಜಿ ಬಿದ್ದರೆ ಎಚ್ಚರಾಗುವ ನಿದ್ದೆ.

"ಅದನ್ನ ಮಲಗಿಸಿ ನೀವೂ ಬಂದು ಮಲಗ್ರಿ," ಎಂದಳು ಒಂದು ದಿನ. ಅಷ್ಟೇ ಅಂದದ್ದು. ಅಲ್ಲಿಂದ ಶುರು.

ಮಲಗುವುದೇನೋ ಮಲಗುತ್ತಿತ್ತು. ಮುಚ್ಚಳ ಮುಚ್ಚಿ, ಮೇಲೆ ಅಂಗೈಯಿಟ್ಟು ಅವನು ಕಾಯುತ್ತಿದ್ದ. ಫ್ಯಾನು ನಿಲ್ಲುತ್ತಿತ್ತು. ಅಂಚಿನ ಪುಟ್ಟ ದೀಪ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ನಿದ್ದೆಹೋದ ಕೂಸಿನ ಎದೆಯ ಹಾಗೆ ಆಡುತ್ತಿತ್ತು. ಏಳುವುದೇ ಕಷ್ಟ. ಮುಚ್ಚಳ ತೆಗೆದರೆ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಒಳಗೆ ಜೀವ ಇದೆಯೋ ಇಲ್ಲವೋ ತಿಳಿಯದು. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆರಿಸಬೇಕು. ಹಾಗೆ ಆರಿಸಿದರೆ ಮಲಗುವ ಮುಂಚೆ ತೆರೆದಿಟ್ಟದ್ದೆಲ್ಲ ನೀರಲ್ಲಿ ಬರೆದ ಹಾಗೆ ಅಳಿಸಿಹೋಗುತ್ತಿತ್ತು.

"ಮಲಗುವಾಗ ಒಬ್ಬೊಬ್ಬರಿಗೇ ಹೇಳಿ ಮಲಗಿಸುತ್ತೆ ಕಣೇ," ಎಂದು ವಿವರಿಸಿದ್ದ. "ಕೀಲಿಮಣೆಗೆ, ದನಿಗೆ, ಪರದೆಗೆ. ಏಳುವಾಗ ಒಬ್ಬೊಬ್ಬರನ್ನೇ ಕರೆದು ಎಬ್ಬಿಸಬೇಕು. ಯಾರೋ ಒಬ್ಬ ಓಗೊಡ್ತಿಲ್ಲ. ಅವನ ಹಿಂದೆ ನಿಂತವರೆಲ್ಲ ಅಲ್ಲೇ ನಿಂತಿದ್ದಾರೆ."

"ಯಾರಂತ ಹೇಗೆ ಗೊತ್ತಾಗುತ್ತೆ?"

"ಗಡಿಯಾರ ಹೇಳುತ್ತೆ."

ಯಂತ್ರ ಏಳುತ್ತ ಏಳುತ್ತ ಮೂರ್ಛೆ ಹೋದರೆ ಅದರ ನೆನಪೆಲ್ಲ ಹೋಗುತ್ತದಂತೆ. ಉಳಿಯುವುದು ಒಳಗಿನ ಗಡಿಯಾರವೊಂದೇ, ಅದಕ್ಕೆ ತನ್ನದೇ ಪುಟ್ಟ ಬ್ಯಾಟರಿ. ಅದಕ್ಕೇ, ಎಬ್ಬಿಸುವ ಪ್ರತಿ ಹೆಜ್ಜೆಯಲ್ಲೂ ಎಲ್ಲಿಯವರೆಗೆ ಬಂದೆ ಎಂದು ಆ ಗಡಿಯಾರದ ಮೇಲೆ ಗೀಚಿಡುವುದನ್ನು ಸಿಸ್ಟಮ್ ಬರೆದವರು ಅದಕ್ಕೆ ಕಲಿಸಿದ್ದರು. ಮತ್ತೆ ಆನ್ ಮಾಡಿದಾಗ ತಾರೀಕು ಇಸವಿಯೆಲ್ಲ ಅಸ್ತವ್ಯಸ್ತ. ಆ ತಪ್ಪು ತಾರೀಕೇ ಕೊನೆಯ ಮಾತು. ಅದನ್ನು ಬಿಡಿಸಿ ಓದಿದರೆ ಉಸಿರು ಎಲ್ಲಿ ನಿಂತಿತೆಂದು ತಿಳಿಯುತ್ತದೆ.

ಹೀಗಾಗಿ ಆ ಮನೆಯಲ್ಲಿ ಕಾಲ ಯಾವತ್ತೂ ನೆಟ್ಟಗಿರಲಿಲ್ಲ. ಒಂದು ಬೆಳಿಗ್ಗೆ ಅವನು ಹೊಸ ಚಪ್ಪಲಿ ತಂದು ಅವಳ ಮುಂದಿಟ್ಟು, "ಹುಟ್ಟುಹಬ್ಬ ಅಲ್ವಾ ಇವತ್ತು?" ಎಂದ.

"ನನ್ನ ಹುಟ್ಟುಹಬ್ಬಕ್ಕೆ ಇನ್ನೂ ಅರ್ಧ ವರ್ಷ ಇದೆ ರೀ."

"ಲ್ಯಾಪ್‌ಟಾಪಲ್ಲಿ ಇವತ್ತೇ ಅಂತಿದೆ."

"ಹಾಗಾದ್ರೆ ಅದನ್ನೇ ಮದುವೆ ಆಗಿ," ಎಂದಳು. ಚಪ್ಪಲಿ ಮಾತ್ರ ಹಾಕಿಕೊಂಡಳು.

ಸಂಜೆ ಹೊತ್ತು ಅವಳು ಕೂತು ಪದ್ಯ ಹೇಳುತ್ತಿದ್ದಳು. ಅಮ್ಮನ ಬಾಯಿಂದ ಕಿವಿಯಲ್ಲೇ ಕಲಿತದ್ದು, ಪುಸ್ತಕ ಹಿಡಿದವಳಲ್ಲ. ದೇವರನ್ನು ಕರೆಯುವ ಪದ್ಯಗಳು. ಅವಳು ಒಂದು ಪದ್ಯ ಎತ್ತಿಕೊಂಡರೆ ಅವನು ಮುಚ್ಚಳ ಮುಚ್ಚುವನು, ಅವಳು ಕೊನೆಯ ಸೊಲ್ಲನ್ನು ಎಳೆದು ನಿಲ್ಲಿಸಿದರೆ ತೆಗೆಯುವನು. "ಒಂದು ಪದ್ಯದಷ್ಟು ನಿದ್ದೆ ಸಾಕು ಇದಕ್ಕೆ," ಎನ್ನುವನು.

"ದೇವರ ಪದ್ಯಾನ ಅಲಾರಂ ಮಾಡ್ಕೊಂಡ್ರಲ್ಲ!"

"ದೇವರೇ ಬಂದು ಎಬ್ಬಿಸಿದ್ರೆ ನನಗೆ ಕೆಲಸ ಕಮ್ಮಿ."

ಪದ್ಯ ಮುಗಿಯುತ್ತಿತ್ತು. ಒಳಗಿಂದ ಪ್ರಶ್ನೆ ಬರುತ್ತಿತ್ತು. ಆಮೇಲೆ ಒಂದು ನಿಟ್ಟುಸಿರು. ಅವಳು ಮುಂದಿನ ಪದ್ಯ ಎತ್ತಿಕೊಳ್ಳುತ್ತಿದ್ದಳು.

*

"ನಿದ್ದೆಯಲ್ಲೇ ಹೋಗಿದ್ದಾರೆ, ನೋವು ಗೊತ್ತಾಗಿರಲ್ಲ," ಎಂದಿದ್ದರು ಬೆಳಿಗ್ಗೆ ಬಂದ ಡಾಕ್ಟರು. ಎಲ್ಲಿಯವರೆಗೆ ಬಂದು ನಿಂತರು ಡಾಕ್ಟ್ರೇ ಎಂದು ಕೇಳಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಯಾರು ಓಗೊಡಲಿಲ್ಲ? ಎದೆಯೋ, ಉಸಿರೋ? ಗಂಡನ ಮುಖವನ್ನು ಈಗಲೂ ಅವಳು ಹಾಗೇ ನೋಡುತ್ತಿದ್ದಳು, ತಾರೀಕು ಹುಡುಕುವವಳ ಹಾಗೆ. ಮುಖದ ಮೇಲೆ ಏನೂ ಬರೆದಿರಲಿಲ್ಲ.

ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡ ಒಬ್ಬ ಅಜ್ಜ ಬಂದರು. ಆಸ್ಪತ್ರೆಯಲ್ಲಿ ಇವನ ಹತ್ತಿರವೇ ವರ್ಷಾನುಗಟ್ಟಲೆ ಕಿವಿ ತೋರಿಸಿದವರು.

"ಈ ಯಂತ್ರ ಕೂರಿಸಿದ್ದು ಇವನೇ!" ಎಂದು ಕೂಗಿ ಹೇಳಿದರು. "ಸೊಸೆ ಬೈಯೋದೆಲ್ಲ ಕೇಳಿಸೋ ಹಾಗೆ ಮಾಡಿಬಿಟ್ಟ, ಪುಣ್ಯಾತ್ಮ!"

ಯಾರೋ ಫಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿದರು. ಅಜ್ಜ ಹೆಣದ ಕಾಲ ಬಳಿ ಕುರ್ಚಿ ಎಳೆದುಕೊಂಡು ಕೂತರು.

ಟೀಚರು ಒಳಕೋಣೆ ಕಡೆ ಹೋದವರು ಮುಖ ಬಿಳಿಚಿಕೊಂಡು ಬಂದರು. "ಆ ಕೋಣೇಲಿ ಏನೋ ಉಸಿರಾಡ್ತಿದೆ!"

ಮೈದುನ ಹೋಗಿ ನೋಡಿ ಬಂದ. "ಅಣ್ಣನ ಲ್ಯಾಪ್‌ಟಾಪು. ದೀಪ ಮಿಣುಕ್ತಿದೆ ಅಷ್ಟೆ. ಅತ್ತಿಗೆ, ಆಫ್ ಮಾಡಿಬಿಡ್ಲಾ? ಸಾವಿನ ಮನೇಲಿ ಅದೊಂದು ಯಾಕೆ?"

"ಮುಟ್ಟಬೇಡ," ಎಂದಳು. ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅವಳೇ ಬೆಚ್ಚಿದಳು. ಗಡ್ಡನ ಕಡೆ ತಿರುಗಿದಳು. "ನಿನ್ನೆ ರಾತ್ರಿ ಅವರೇ ಮಲಗಿಸಿದ್ದು. ಇನ್ನೂ ಮಲಗೇ ಇದೆಯಾ?"

"ಚಾರ್ಜ್ ಇರೋವರೆಗೂ ಹಾಗೇ ಇರುತ್ತೆ ಅಕ್ಕ. ಅವನು ಎಲ್ಲಿಗೆ ಬಿಟ್ಟಿದ್ನೋ ಅಲ್ಲಿಗೇ."

*

ನಿನ್ನೆ ಊಟವಾದ ಮೇಲೆ ಅವನು ಒಳಗಿಂದ ಕೂಗಿದ್ದ.

"ಬಾ ಇಲ್ಲಿ. ಒಂದು ಉಪಾಯ ಮಾಡಿದ್ದೀನಿ. ಈ ಸಲ ನೀನೇ ಮುಚ್ಚಳ ತೆಗಿ."

ಅವಳು ಅಡುಗೆಮನೆ ಒರೆಸುತ್ತಿದ್ದಳು. ಸೊಂಟ ಹಿಡಿದಿತ್ತು. "ಎದ್ದಿತಾ?"

"ಅದನ್ನೇ ನೀನು ನೋಡು ಅಂತಿರೋದು. ನಕ್ಕುಬಿಡ್ತೀಯ, ಬಾ."

"ಇಷ್ಟು ವರ್ಷ ಏಳದ್ದು ಈಗ ಏಳುತ್ತಾ? ನಾಳೆ ನೋಡ್ತೀನಿ. ಬಂದು ಮಲಗಿ."

"ನಾಳೆ ಖಂಡಿತಾ?"

"ಖಂಡಿತಾ ರೀ. ಮಾತು ಕೊಟ್ಟೆ, ಆಯ್ತಾ?"

ಮುಚ್ಚಳ ಮುಚ್ಚಿದ ಸದ್ದಾಯಿತು. ಅದರ ಮೇಲೆ ಅಂಗೈಯಿಟ್ಟು ಕಾಯುತ್ತಿದ್ದಾನೆಂದು ಅವಳಿಗೆ ಇಲ್ಲಿಂದಲೇ ತಿಳಿಯಿತು. ಫ್ಯಾನು ನಿಂತಿತು. ಬಂದು ಮಗ್ಗುಲಲ್ಲಿ ಮಲಗಿದ. ಬೆಳಿಗ್ಗೆ ಅವಳು ಮೊದಲು ಎದ್ದಳು.

*

ಮೈದುನನ ಫೋನು ಮತ್ತೆ ಬಡಿದುಕೊಂಡಿತು. ಗಾಡಿ ರಸ್ತೆಯ ತಿರುವಿಗೆ ಬಂದಿತ್ತು.

ಅವಳು ಮಂಡಿಗೆ ಕೈಕೊಟ್ಟು ಎದ್ದಳು. ನಿನ್ನೆ ನಾಳೆ ಎಂದದ್ದು ಇವತ್ತೇ. ಅವರು ಈ ಮನೆ ಬಿಟ್ಟು ಹೊರಡುವ ಮುಂಚೆ ನೋಡಬೇಕು. ಆಮೇಲೆ ನೋಡಿದರೆ ಅದು ಕೊಟ್ಟ ಮಾತಲ್ಲ.

"ಬಾಪ್ಪಾ," ಎಂದು ಗಡ್ಡನನ್ನು ಕರೆದಳು.

ಒಳಕೋಣೆಯಲ್ಲಿ ಕುರ್ಚಿ ಸ್ವಲ್ಪ ಓರೆಯಾಗಿ, ಅವನು ಎದ್ದುಹೋದ ಹಾಗೇ ಇತ್ತು. ಮೇಜಿನ ಮೇಲೆ ಅರ್ಧ ಲೋಟ ನೀರು, ಕನ್ನಡಕ ಒರೆಸುವ ಬಟ್ಟೆ, ಮುಚ್ಚಿದ ಲ್ಯಾಪ್‌ಟಾಪು. ಅಂಚಿನ ದೀಪ ಏರುತ್ತಿತ್ತು, ಇಳಿಯುತ್ತಿತ್ತು. ನಡುಮನೆಯಲ್ಲಿ ಅವನ ಉಸಿರು ನಿಂತು, ಇದೊಂದು ಇಲ್ಲಿ ಏನೂ ತಿಳಿಯದೆ ಉಸಿರಾಡಿಕೊಂಡಿತ್ತು.

"ನೀನೇ ತೆಗಿ," ಎಂದಳು.

ಗಡ್ಡ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನೀವೇ ತೆಗೀರಿ ಅಕ್ಕ. ಆದ್ರೆ ಒಂದು ಮಾತು. ಏಳದೇ ಇರಬಹುದು. ಯಾವತ್ತೂ ಸರಿಯಾಗಿ ಎದ್ದಿಲ್ಲ. ಕಪ್ಪಗೇ ಉಳಿದ್ರೆ ಬಟನ್ ಒತ್ತಿ ಆರಿಸೋದೊಂದೇ ದಾರಿ. ಆಗ ನಿನ್ನೆಯದೆಲ್ಲ ಹೋಗುತ್ತೆ. ಬೇಡ ಅನಿಸಿದ್ರೆ ಚಾರ್ಜರ್ ಸಿಕ್ಕಿಸಿಡೋಣ. ಮಲಗಿರಲಿ."

ಮಲಗಿರಲಿ ಎನ್ನಿಸಿತು ಒಂದು ಗಳಿಗೆ. ಬೆಳಿಗ್ಗೆ ಗಂಡನ ಭುಜ ಹಿಡಿದು ಅಲುಗಿಸುವ ಮುಂಚೆ, ಇನ್ನೂ ಐದು ನಿಮಿಷ ಮಲಗಲಿ ಎಂದುಕೊಂಡು ಕಾಫಿಗೆ ಇಟ್ಟು ಬಂದದ್ದು ನೆನಪಾಯಿತು. ಆ ಹೊತ್ತಿನಲ್ಲಿ ಅವಳ ಪಾಲಿಗೆ ಅವನು ಬದುಕಿಯೇ ಇದ್ದ.

ಅಭ್ಯಾಸಬಲದಿಂದ ಒಂದು ಪದ್ಯ ಎತ್ತಿಕೊಳ್ಳಲು ನೋಡಿದಳು. ಒಂದು ಸೊಲ್ಲೂ ಬರಲಿಲ್ಲ. ಹಾಗೇ ಮುಚ್ಚಳ ತೆಗೆದಳು.

ದೀಪ ನಿಂತಿತು. ಫ್ಯಾನು ತಿರುಗಿತು. ಪರದೆ ಕಪ್ಪು. ಕಪ್ಪಿನೊಳಗೆ ಅವಳ ಮುಖ, ಅದರ ಹಿಂದೆ ಗಡ್ಡನ ಮುಖ, ಅದರಾಚೆ ತೆರೆದ ಬಾಗಿಲಲ್ಲಿ ನಡುಮನೆ, ಬಿಳಿ ಬಟ್ಟೆಯಡಿ ನೆಟ್ಟಗೆ ನಿಂತ ಎರಡು ಪಾದ.

ಕಾದರು.

"ಇಲ್ಲ ಅಕ್ಕ," ಎಂದ ಗಡ್ಡ ಮೆಲ್ಲಗೆ. "ಏಳಲಿಲ್ಲ."

ಆ ಕಪ್ಪಿನೊಳಗಿಂದ ಗಂಡನ ದನಿ ಬಂತು. ನಗು ತಡೆದುಕೊಂಡು ಮಾತಾಡುವವನ ದನಿ.

"ಎದ್ದಿದ್ದೀನಿ ಕಣೇ. ಕತ್ತಲೆ, ಅಷ್ಟೆ."

ನಡುಮನೆಯಲ್ಲಿ ಒಂದು ಲೋಟ ಉರುಳಿತು. ಟೀಚರು ಕಿಟಾರನೆ ಕಿರುಚಿದರು. ಕೂತವರು ಒಬ್ಬೊಬ್ಬರೇ ಎದ್ದು ಅಂಗಳಕ್ಕೆ ಓಡಿದರು. ಮೈದುನ ಬಾಗಿಲ ಚೌಕಟ್ಟು ಹಿಡಿದು ನಿಂತ.

ಗಡ್ಡ ಕುರ್ಚಿಯ ಬೆನ್ನು ಹಿಡಿದುಕೊಂಡ. "ಪರದೆಯೊಂದೇ ಎದ್ದಿಲ್ಲ ಅಕ್ಕ, ಉಳಿದದ್ದೆಲ್ಲ ಎದ್ದಿದೆ. ಕಪ್ಪಗಿದ್ರೆ ಸತ್ತಿದೆ ಅನ್ಕೊಂಡು ಆರಿಸ್ತಿದ್ವಲ್ಲ, ಅದಕ್ಕೇ ಏಳೋವಾಗ ಒಂದು ಸದ್ದು ಬರೋ ಹಾಗೆ ಮಾಡು ಅಂದಿದ್ದೆ. ಕತ್ತಲಲ್ಲೂ ಗೊತ್ತಾಗ್ಲಿ ಅಂತ. ಬರೀ ಒಂದು ಬೀಪ್ ಸಾಕು ಅಂದಿದ್ದೆ. ಇವನು ತನ್ನ ದನೀನೇ ರೆಕಾರ್ಡ್ ಮಾಡಿ ಇಟ್ಟಿದ್ದಾನೆ..."

ಅವಳು ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ನಕ್ಕುಬಿಡ್ತೀಯ ಎಂದಿದ್ದ. ತುಟಿ ಅಲುಗಿತು. ಬೆಳಿಗ್ಗೆಯಿಂದ ಬಾರದ ನೀರು ಕಣ್ಣಿಂದ ಇಳಿದು ಕೀಲಿಗಳ ಮೇಲೆ ಬಿತ್ತು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ಅತ್ತಿಗೆ," ಎಂದ ಮೈದುನ. ಬೆಳಿಗ್ಗೆಯಿಂದ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದವನು ಈಗ ಕೈ ಜೋಡಿಸಿದ್ದ. "ನಿಮ್ಮ ಕಾಲು ಹಿಡೀತೀನಿ, ಅದನ್ನ ಆಫ್ ಮಾಡಿ. ನಾನು ಅಣ್ಣನಿಗೆ ಹೆಗಲು ಕೊಡಬೇಕು. ಒಳಗೆ ಎದ್ದಿದ್ದೀನಿ ಅಂತ ಹೇಳಿದವನನ್ನ ಹೇಗೆ ಹೊರಗೆ ಎತ್ಕೊಂಡು ಹೋಗ್ಲಿ? ಆ ಬಟನ್ ಒತ್ತಿಬಿಡಿ ಅತ್ತಿಗೆ. ನೀವು ಒತ್ತದಿದ್ರೆ ನಾನೇ ಒತ್ತಲಾ?"

ಅವಳು ಬಟನ್ನಿನ ಮೇಲೆ ಅಂಗೈ ಮುಚ್ಚಿದಳು. ಅಡಿಯಲ್ಲಿ ಫ್ಯಾನು ಬೆಚ್ಚಗೆ ತಿರುಗುತ್ತಿತ್ತು.

"ಇಲ್ಲ," ಎಂದಳು. "ಆರಿಸಲ್ಲ. ನಿನಗೂ ಬಿಡಲ್ಲ."

ನಡುಮನೆಯಲ್ಲಿ ಎಲ್ಲರೂ ಎದ್ದುಹೋದ ಮೇಲೆ ಹೆಣದ ಕಾಲ ಬಳಿ ಅಜ್ಜ ಒಬ್ಬರೇ ಉಳಿದಿದ್ದರು. ಕಣ್ಣು ಮುಚ್ಚಿ, ಕಿವಿ ಒಳಕೋಣೆಯತ್ತ ಹೊರಳಿಸಿ, ಗಾಜಿನ ಕೋಣೆಯಲ್ಲಿ ಅವನು ಕಲಿಸಿದ ಹಾಗೆ ಒಂದು ಬೆರಳನ್ನು ಮೇಲೆತ್ತಿ ಹಿಡಿದಿದ್ದರು.