ಆಹೇರದ ತಟ್ಟೆಯಲ್ಲಿ ಬೂಟು

ಚೆನ್ನವ್ವನಿಗೆ ದಿನದ ಮೊದಲ ಹೆಜ್ಜೆಯೇ ವೈರಿಯಾಗಿತ್ತು. ಮಲಗಿದಾಗ ಸುಮ್ಮನಿರುತ್ತಿದ್ದ ಬಲ ಹಿಮ್ಮಡಿ ಬೆಳಿಗ್ಗೆ ನೆಲಕ್ಕೆ ತಾಗಿದ ಕೂಡಲೇ ಒಳಗಿನಿಂದ ಯಾರೋ ದಬ್ಬಳ ಹಾಕಿದಂತೆ ನೋಯುತ್ತಿತ್ತು. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದರೆ ನೋವು ಸ್ವಲ್ಪ ತಗ್ಗುತ್ತಿತ್ತು. ಆ ಹತ್ತು ಹೆಜ್ಜೆಯನ್ನು ಸೊಸೆ ನೋಡಬಾರದೆಂದು ಅವಳು ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಆದರೆ ಇಚಲಕರಂಜಿಯ ಆ ಎರಡು ಖೋಲಿಯ ಮನೆಯಲ್ಲಿ ಏನನ್ನೂ ಮುಚ್ಚಿಡಲು ಜಾಗವಿರಲಿಲ್ಲ.

"ಗೋಡಿ ಬೀಳಂಗಿಲ್ರಿ ಅತ್ತಿ, ಬಿಡ್ರಿ ಅದನ್ನ," ಎಂದಳು ರೂಪಾಲಿ, ಒಲೆಯ ಕಡೆಯಿಂದ ತಿರುಗದೆ.

"ಗೋಡಿ ನನ್ನ ದುಡಿಮಿದು. ಹಿಡೀತೇನಿ, ಬೇಕಾದ್ರ ಒದೀತೇನಿ. ನಿನಗೇನು?"

"ನನಗೇನಿಲ್ರಿ. ನಿಮ್ಮ ಕೈಯಾನ ಎಣ್ಣಿ ಹತ್ತಿದ ಮ್ಯಾಲೆ ಸುಣ್ಣಾ ಬಳಿಯಾಕಿ ನಾನು. ಅದಕ್ಕಂದೆ."

ಚೆನ್ನವ್ವ ಗೋಡೆ ಬಿಡದೆ ಉಳಿದ ಹೆಜ್ಜೆಗಳನ್ನೂ ಮುಗಿಸಿದಳು.

ರಬಕವಿ ಕಡೆಯಿಂದ ಗಂಡನ ಜೊತೆ ಇಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಈಗ ಐವತ್ಮೂರು. ಗಂಡ ಹೋಗಿ ಒಂಬತ್ತು ವರ್ಷ. ಮೂವತ್ತು ವರ್ಷದಿಂದ ಅವಳು ಜಿನಪಾಲ ಸೇಠರ ಮಗ್ಗದ ಕಾರಖಾನೆಯಲ್ಲಿ ಕಾಂಡಿ ಯಂತ್ರದ ಮುಂದೆ ನಿಂತಿದ್ದಾಳೆ. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕೋಲುಗಳಿಗೆ ನೂಲು ಸುತ್ತುವ ಯಂತ್ರವದು. ಸಾಲಿನ ಉದ್ದಕ್ಕೂ ಅಡ್ಡಾಡುತ್ತಿರಬೇಕು, ಹರಿದ ಎಳೆ ಗಂಟು ಹಾಕಬೇಕು, ತುಂಬಿದ ಕಾಂಡಿ ತೆಗೆಯಬೇಕು. ಕೂತು ಮಾಡುವ ಕೆಲಸವಲ್ಲ. ಸಿಮೆಂಟಿನ ನೆಲ, ಕಾಲಲ್ಲಿ ರಬ್ಬರಿನ ಸ್ಲೀಪರು. ಎಣ್ಣೆ ಮತ್ತು ಹತ್ತಿಯ ಧೂಳಿನಲ್ಲಿ ಒಳ್ಳೆಯದು ಹಾಕಿದರೆ ಹಾಳಾಗುತ್ತದೆಂದು ಎಲ್ಲ ಹೆಂಗಸರೂ ಅದನ್ನೇ ಹಾಕುತ್ತಿದ್ದರು. ಸವೆದರೆ ಹರಿದ ಪಟ್ಟಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು, ಹಿಮ್ಮಡಿ ತೂತಾದರೆ ಒಳಗೆ ಕಸಕ್ಕೆ ಬಿದ್ದ ನೂಲು ತುರುಕಿಕೊಳ್ಳುತ್ತಿದ್ದರು.

ನಿಲ್ಲಲು ಬಂದಷ್ಟು ದಿನ ಅವಳ ಅನ್ನ ಅವಳದು. ನಿಲ್ಲಲು ಬಾರದ ದಿನದಿಂದ ರೂಪಾಲಿ ಬಡಿಸಿದಷ್ಟು. ಚೆನ್ನವ್ವನಿಗೆ ಸಾವಿಗಿಂತ ಆ ತಾಟಿನ ಹೆದರಿಕೆ ಹೆಚ್ಚು.

ಹಿಂದಿನ ವಾರ ಮಗ ವಿಜಯ ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿದ್ದ. ಡಾಕ್ಟರು ಹಿಮ್ಮಡಿ ಒತ್ತಿ ನೋಡಿ, ಬಾಗಿಲಲ್ಲಿ ಬಿಟ್ಟ ಸ್ಲೀಪರು ತರಿಸಿ, ಅದನ್ನು ಎರಡು ಬೆರಳಲ್ಲಿ ಚಪಾತಿಯಂತೆ ಮಡಚಿ ತೋರಿಸಿದರು.

"ಹೀ ಚಪ್ಪಲ ಆಧೀ ಫೇಕೂನ ದ್ಯಾ, ಮಾವಶಿ," ಎಂದು, ಮೊದಲು ಬಿಸಾಡಬೇಕಾದದ್ದು ಇದನ್ನೇ ಎಂಬಂತೆ, ಅದನ್ನು ಮೂಲೆಗೆ ಎಸೆದೇಬಿಟ್ಟರು. ನಡುವೆ ಮಡಚದಂಥ ಗಟ್ಟಿ ತಳ ಬೇಕು, ಅಂಗಾಲಿನ ಕಮಾನಿಗೆ ಕೆಳಗಿನಿಂದ ಆಸರೆ ಬೇಕು, ಹಿಂದೆ ಹಿಮ್ಮಡಿಯನ್ನು ಹಿಡಿದಿಡುವ ಗೋಡೆ ಬೇಕು. ಗುಳಿಗೆ ನೋವನ್ನು ಮಲಗಿಸುತ್ತದೆ ಅಷ್ಟೆ, ಈ ಸ್ಲೀಪರು ಮತ್ತೆ ಎಬ್ಬಿಸುತ್ತದೆ.

ಅಲ್ಲಿಂದ ಸೀದಾ ಅಂಗಡಿಗೆ ಹೋದರು. ಐದನೇ ನಂಬರು ಎಡಗಾಲಿಗೆ ಸರಿಹೋಯಿತು, ಬಲಗಾಲು ಒಳಗೇ ಹೋಗಲಿಲ್ಲ. ಆರು ಹಾಕಿದರೆ ಬಲಗಾಲು ಹೇಗೋ ತೂರಿತು, ಎಡಗಾಲು ಬೂಟಿನಿಂದ ಹೊರಗೆ ಬಂತು. ಬಲಗಾಲ ಮೇಲೆ ಭಾರ ಹಾಕಿ ನಿಂತು ನಿಂತು ಅದರ ಕಮಾನು ಕುಸಿದು ಕಾಲೇ ಉದ್ದವಾಗಿತ್ತು.

"ಎಡಕ್ಕ ಐದು, ಬಲಕ್ಕ ಆರು ಕೊಡ್ರಿ," ಎಂದ ವಿಜಯ.

ಅಂಗಡಿಯವ ನಕ್ಕ. "ಜೋಡಿ ಯಾರ ಒಡೀತಾರ್ರಿ ಸಾಹೇಬ್ರ? ಉಳಿದ ಒಂದೊಂದ ಯಾವ ಕುಂಟನಿಗೆ ಮಾರೂದು?"

ಚೆನ್ನವ್ವ ಎದ್ದು ಹೊರಗೆ ನಡೆದಳು. ಬಸ್‌ಸ್ಟ್ಯಾಂಡಿನಲ್ಲಿ ಮತ್ತೊಂದು ರಬ್ಬರಿನ ಸ್ಲೀಪರೇ ಕೊಂಡಳು.

ಬುಧವಾರ ಜಿನಪಾಲ ಸೇಠರು ಕಾಂಡಿ ಸಾಲಿನ ತುದಿಯಲ್ಲಿ ನಿಂತು ಅವಳ ನಡಿಗೆ ನೋಡಿದರು. ಕೆಟ್ಟ ಮನುಷ್ಯನಲ್ಲ. ಆದರೆ ಹನ್ನೆರಡು ಮಗ್ಗ ಕಾಂಡಿಗಾಗಿ ಕಾದು ನಿಂತಿದ್ದವು.

"ಚೆನ್ನವ್ವಾ, ಅಮಾಸಿ ತನಕಾ ನೋಡ್ತೇನಿ. ಅಷ್ಟರಾಗ ಕಾಲು ನೆಟ್ಟಗ ಆಗಲಿಲ್ಲಂದ್ರ ಮನ್ಯಾಗಿರು. ಮಗಾ ದುಡೀತಾನ, ಸೊಸಿ ಅದಾಳ."

ಪಕ್ಕದ ಯಂತ್ರದ ಸುವರ್ಣಾ ಎಳೆಗೆ ಗಂಟು ಹಾಕುತ್ತ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. "ಬೀಗರ ಕೊಟ್ಟ ಬೂಟ ಹಾಕ್ಕೊಂಡಿದ್ರ ಈ ಗತಿ ಬರತಿದ್ದಿಲ್ಲ."

"ನಿನ್ನ ಬಾಯಾಗ ಈ ಕಾಂಡಿ ತುರಕ್ತೇನಿ ನೋಡ."

ಆ ಬೂಟಿನ ಕಥೆ ಓಣಿಗೆಲ್ಲ ಗೊತ್ತಿತ್ತು. ರೂಪಾಲಿಯ ತಂದೆ ಗುರಣ್ಣನದು ಗಡಹಿಂಗ್ಲಜದಲ್ಲಿ ಚಪ್ಪಲಿ ಅಂಗಡಿ. ಮೂರು ವರ್ಷದ ಹಿಂದೆ ರೂಪಾಲಿ ಬಸುರಿಯಿದ್ದಾಗ ಇದೇ ಮನೆಯಲ್ಲಿ ಕುಬಸ ಮಾಡಿದ್ದರು. ಹಸಿರು ಬಳೆ, ಹಸಿರು ಸೀರೆ, ಹೋಳಿಗೆ ಎಲ್ಲ ಮುಗಿದ ಮೇಲೆ ಬೀಗರು ಬೀಗರಿಗೆ ಆಹೇರ ಮಾಡುವ ಹೊತ್ತು. ಒಬ್ಬರು ಹೆಸರು ಕೂಗುವುದು, ಇನ್ನೊಬ್ಬರು ತಟ್ಟೆಯಲ್ಲಿ ಸೀರೆ, ಖಣ, ಕಾಯಿ ಇಟ್ಟು ಕೊಡುವುದು. ಚೆನ್ನವ್ವನ ಹೆಸರು ಕೂಗಿದಾಗ ಗುರಣ್ಣ ತಂದಿಟ್ಟ ತಟ್ಟೆಯಲ್ಲಿ ಸೀರೆಯ ಮೇಲೆ ಒಂದು ಡಬ್ಬಿಯಿತ್ತು. ಮುಚ್ಚಳ ತೆಗೆದರೆ ಕರಿ ಬೂಟು. ದಪ್ಪ ತಳ, ಮೇಲೆ ಬಿಗಿಯುವ ಪಟ್ಟಿ. ಕುಂಕುಮ, ಅಕ್ಕಿಕಾಳು, ಪಕ್ಕದಲ್ಲಿ ಬೂಟು.

ಇಡೀ ಜೀವಮಾನ ಚಪ್ಪಲಿ ಮಾರಿದವನಿಗೆ ಅದು ಸೀರೆಯಂತೆಯೇ ಒಂದು ವಸ್ತುವಾಗಿ ಕಂಡಿರಬೇಕು. ಆದರೆ ನೆರೆದ ಮಂದಿ ಕಂಡದ್ದು ಒಂದೇ: ಬೀಗತಿಗೆ ನಾಲ್ಕು ಮಂದಿಯ ಮುಂದೆ ಕೆರ ಕೊಟ್ಟ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಚೆನ್ನವ್ವ ಡಬ್ಬಿಯನ್ನು ಎತ್ತಿ ಗುರಣ್ಣನ ಎದೆಗೆ ಎಸೆದಳು.

"ಈ ಕೆರ ನನ್ನ ಕಾಲಿಗೆ ಬಿದ್ದ ದಿನಾ ನಾ ನಿಮ್ಮ ಮನಿ ಆಳು ಅಂತ ತಿಳೀರಿ!"

ಗುರಣ್ಣ ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದು ಹೋದ. ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಮೊಮ್ಮಗಳು ವೃಷಾಲಿಗೆ ಎರಡು ವರ್ಷ ತುಂಬಿದರೂ ಚೆನ್ನವ್ವನೂ ಗಡಹಿಂಗ್ಲಜಕ್ಕೆ ಹೋಗಲಿಲ್ಲ. ಬೂಟಿನ ಡಬ್ಬಿಯನ್ನು ರೂಪಾಲಿ ಸೂರಿನ ತಗಡು ಪತ್ರಾದ ಕೆಳಗಿನ ಅಟ್ಟದ ಮೇಲಿಟ್ಟಳು. ಎಸೆಯಲೂ ಇಲ್ಲ, ಅದರ ಮಾತು ತೆಗೆಯಲೂ ಇಲ್ಲ.

ಬುಧವಾರ ಸಂಜೆ ಚೆನ್ನವ್ವ ಮನೆಗೆ ಬಂದು ಕಾಲು ಚಾಚಿ ಕೂತಾಗ ರೂಪಾಲಿ ನೀರಿನ ತಂಬಿಗೆ ತಂದು ದೂರವಿಟ್ಟಳು. ಕೈ ಮುಟ್ಟದಷ್ಟು ದೂರ.

"ಸೇಠಜೀ ಬಿಡಸ್ತಾರಂತ?" ಎಂದಳು.

"ಯಾರಂದ್ರು?"

"ಸುವರ್ಣಾ ಹಾದಿಮ್ಯಾಲೆ ಸಿಕ್ಕಿದ್ಲು. ಭಾಳ ಖುಷಿಲೆ ಹೇಳಿದ್ಲು."

"ನಿನಗೂ ಖುಷಿ ಆಗಿರಬೇಕಲಾ. ಇನ್ನ ಮುದುಕಿ ಮೂಲ್ಯಾಗ ಬೀಳತಾಳ, ಒಂದ ರೊಟ್ಟಿ ಒಗದ್ರ ಆತು ಅಂತ."

ರೂಪಾಲಿಯ ಮುಖ ಕೆಂಪೇರಿತು. "ನಿಮ್ಮನ್ನ ದಿನಾ ಪೂರ್ತಿ ಮನ್ಯಾಗಿಟಗೊಂಡ ನಾ ಯಾವ ಪುಣ್ಯೇ ಗಳಸ್ಲಿರಿ? ಸಂಜೀ ಮುಂದ ಎರಡ ತಾಸ ಸಾಕಾಗೇತಿ ನನಗ! ನೀವು ನಿಂದರಬೇಕ್ರಿ ಅತ್ತಿ. ನಿಮಗಿಂತಾ ನನಗ ಜಾಸ್ತಿ ಬೇಕಾಗೇತಿ ಅದು."

"ಹಂಗಾರ ಕೊಲ್ಹಾಪುರದಾಗ ನನ್ನ ಕಾಲಿಗೆ ಬೂಟ ಹುಡುಕ ಹೋಗು. ಒಂದಕ್ಕ ಐದು, ಒಂದಕ್ಕ ಆರು. ಜೋಡಿ ಒಡೆಯೂದಿಲ್ಲ ಅಂದಾನ ಅವಾ."

ರೂಪಾಲಿ ಸ್ಟೂಲು ಎಳೆದು, ಅಟ್ಟದಿಂದ ಧೂಳು ಹಿಡಿದ ಡಬ್ಬಿ ತೆಗೆದು, ಎರಡು ಬೂಟನ್ನೂ ಅತ್ತೆಯ ಮುಂದೆ ಮಗುಚಿ ಬಡಿದಳು. ತಳದಲ್ಲಿ ನಂಬರು ಒತ್ತಿತ್ತು. ಎಡಕ್ಕೆ ಐದು. ಬಲಕ್ಕೆ ಆರು.

"ಕುಬಸದ ದಿನಾ ಅಲ್ರಿ, ಅದಕ್ಕೂ ಮೊದಲ ನಿಶ್ಚಯಕ್ಕ ಬಂದಾಗಽ ನಮ್ಮಪ್ಪ ಬಾಗಲದಾಗ ನಿಮ್ಮ ಸ್ಲೀಪರ್ ನೋಡ್ಯಾನ. ಎಡಗಾಲಿಂದು ಸರಿ ಸವದೈತಿ, ಬಲಗಾಲಿಂದು ಒಳಮಗ್ಗಲ ತಿಂದ ಹೋಗೇತಿ. ಬೆರಳ ಅಚ್ಚು ಮುಂದ ಬಂದೈತಿ. ಬೀಗತಿ ಕಾಲು ಕುಸ್ಯಾಕತ್ತೇತಿ ಅಂತ ನಮ್ಮವ್ವನ ಮುಂದ ಅಂದಿದ್ದ. ನಿಮ್ಮ ಸಲುವಾಗಿ ಎರಡ ಜೋಡಿ ಒಡದಾನ. ಉಳಿದ ಜೋಡಿ ಇವತ್ತಿಗೂ ಅಂಗಡಿ ಮ್ಯಾಲಿನ ಸಾಲಿನ್ಯಾಗ ಐತಿ. ನಿಮ್ಮ ಉಲ್ಟಾ ಕಾಲಿನಾಕಿ ಯಾರೂ ಹುಟ್ಟಿ ಬಂದಿಲ್ಲಂತ ಇನ್ನಾ!"

"ಮೂರ ವರ್ಷ ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ರೇನ?"

ಚೆನ್ನವ್ವ ಬೂಟುಗಳನ್ನು ಮುಟ್ಟಲಿಲ್ಲ. ರೂಪಾಲಿಯೂ ತೆಗೆದಿಡಲಿಲ್ಲ. ಊಟದ ಹೊತ್ತಿಗೂ ಅವು ನಡುಮನೆಯಲ್ಲೇ ಇದ್ದವು, ಎಲ್ಲರೂ ದಾಟಿ ಅಡ್ಡಾಡಿದರು.

ಮರುದಿನ ಬೆಳಿಗ್ಗೆ ಅವಳು ಹಾಸಿಗೆಯ ಮೇಲೆಯೇ ಕೂತು ಬೂಟು ಹಾಕಿಕೊಂಡು, ಪಟ್ಟಿ ಬಿಗಿದು ಕಾಲು ಕೆಳಗಿಟ್ಟಳು. ಬಲಗಾಲು ಬಿಗಿಯಾಯಿತು. ಆದರೆ ದಬ್ಬಳ ಚುಚ್ಚಲಿಲ್ಲ. ಅಂಗಾಲಿನ ಕೆಳಗೆ ಏನೋ ಎತ್ತಿ ಹಿಡಿದಿತ್ತು. ಗೋಡೆ ಮುಟ್ಟದೆ ಅವಳು ಬಚ್ಚಲತನಕ ಹೋದಳು, ತಿರುಗಿ ಬಂದಳು.

ಕಾರಖಾನೆಯಲ್ಲಿ ಸುವರ್ಣಾ ಅವಳ ಸೀರೆಯ ಅಂಚಿನ ಕೆಳಗೆ ಕರಿ ಬೂಟು ಕಂಡು ಯಂತ್ರದ ಸದ್ದಿನ ಮೇಲೆ ಕೂಗಿದಳು. "ಬರ್ರೆಽ, ನೋಡಬರ್ರಿ! ಬೀಗರ ಮನಿ ಆಳು ಬಂದಾಳ! ಪರೇಡಿಗೆ ಹೊಂಟಿಯೇನ ಚೆನ್ನವ್ವಾ?"

"ಹೌದ, ಬೀಗರ ಆಹೇರ," ಎಂದಳು ಚೆನ್ನವ್ವ. "ನಿನ್ನ ಬೀಗರು ನಿನ್ನ ಕಾಲು ಯಾವತ್ತರೆ ನೋಡ್ಯಾರೇನ? ಮಾರಿನಽ ನೋಡೂದಿಲ್ಲ ಅವರು."

ಮಧ್ಯಾಹ್ನದ ತನಕ ಅವಳು ಸಾಲಿನ ಉದ್ದಕ್ಕೂ ಹೋಗಿ ಬಂದಳು. ಸೇಠರು ಒಮ್ಮೆ ಬಂದು ನೋಡಿ ಹೋದರು. ಊಟದ ಮೇಲೆ ಬಲ ಬೂಟಿನ ಕೆಳಗೆ ಏನೋ ಪಟಪಟ ಬಡಿಯತೊಡಗಿತು. ಬಗ್ಗಿ ನೋಡಿದರೆ ತಳ ಮುಂದಿನಿಂದ ಬಿಟ್ಟು ನಾಯಿಯ ನಾಲಿಗೆಯಂತೆ ಜೋಲುತ್ತಿತ್ತು. ಸ್ವಲ್ಪ ಹೊತ್ತಿಗೆ ಎಡದ್ದೂ ಬಿಟ್ಟಿತು. ಮೂರು ಬೇಸಿಗೆ ಪತ್ರಾದ ಕೆಳಗೆ ಕಾದು ಅಂಟು ಸತ್ತು ಪುಡಿಯಾಗಿತ್ತು.

ಸುವರ್ಣಾ ಹೊಟ್ಟೆ ಹಿಡಿದು ನಕ್ಕಳು. ಚೆನ್ನವ್ವ ಕಾಂಡಿಯಿಂದ ನೂಲು ಎಳೆದು ಎರಡೂ ಬೂಟಿಗೆ ಹದಿನೈದು ಸುತ್ತು ಸುತ್ತಿ, ಹರಿದ ಎಳೆಗೆ ಹಾಕುವ ಗಂಟನ್ನೇ ಹಾಕಿ, ಪಾಳಿ ಮುಗಿಯುವ ತನಕ ನಿಂತಳು.

ಅಮಾಸೆಗೆ ಮೂರು ದಿನ ಉಳಿದಿದ್ದವು. ವಾರದ ರಜೆಯ ದಿನ ಅವಳು ಯಾರಿಗೂ ಹೇಳದೆ ರಬ್ಬರಿನ ಸ್ಲೀಪರು ಮೆಟ್ಟಿ, ಚೀಲದಲ್ಲಿ ಆ ಬೂಟು ಹಾಕಿಕೊಂಡು ಬಸ್ಸು ಹತ್ತಿದಳು. ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜದಲ್ಲಿ ಇಳಿಯುವಾಗ ಹಿಮ್ಮಡಿಗೆ ನೋವು ಮತ್ತೆ ಹಲ್ಲು ಊರಿತ್ತು.

ಗುರಣ್ಣ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳ ಮುಂದೆ ಡಬ್ಬಿ ಹರವಿಕೊಂಡು ಕೂತಿದ್ದ. ಅವಳನ್ನು ನೋಡಿದ. ಕೂಡ್ರಿ ಎನ್ನಲಿಲ್ಲ, ನೀರು ಕೇಳಲಿಲ್ಲ.

"ಏನ ಬೇಕಾಗಿತ್ರಿ?" ಎಂದ, ಗಿರಾಕಿಗೆ ಕೇಳಿದಂತೆ.

ಅವಳು ನೂಲು ಸುತ್ತಿದ ಬೂಟು ತೆಗೆದು ಮೇಜಿನ ಮೇಲಿಟ್ಟಳು. ಗುರಣ್ಣ ಬೆರಳಿನಿಂದ ತಳ ಉಜ್ಜಿದ. ಕರಿ ಪುಡಿ ಉದುರಿತು.

"ಪತ್ರಾದ ಕೆಳಗ ಇಟ್ಟೀರಿ. ಇದು ದುರಸ್ತಿ ಆಗಾಂಗಿಲ್ಲ."

"ದುರಸ್ತಿಗೆ ಬಂದಿಲ್ಲ. ಹೊಸಾದು ಕೊಡು. ಜೋಡಿ ಒಡಿ. ಎರಡೂ ಜೋಡಿ ರೊಕ್ಕ ನಾ ಕೊಡತೇನಿ. ಆಹೇರ ಬ್ಯಾಡ."

"ಇಲ್ಲಿ ಆಹೇರ ಕೊಡಾವ ಯಾರದಾನ್ರಿ?"

ಗಿರಾಕಿಗಳು ಕೈಯಲ್ಲಿದ್ದ ಚಪ್ಪಲಿ ಬಿಟ್ಟು ಇವರನ್ನೇ ನೋಡತೊಡಗಿದರು. ಗುರಣ್ಣ ಹಳೆಯ ಪೇಪರು ಹಾಸಿ, ಪೆನ್ಸಿಲು ಹಿಡಿದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೀಗ ಬೀಗತಿಯ ಕಾಲು ಹಿಡಿಯುವಂತಿಲ್ಲ. ಅವಳ ಸೀರೆಯ ನೆರಿಗೆಗೂ ಬೆರಳು ತಾಗದಂತೆ ಅವನು ಕಾಲಿನ ಸುತ್ತ ಗೆರೆ ಎಳೆದ. ಆಮೇಲೆ ಪೇಪರು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಎಡಗಾಲು ಅಷ್ಟಽ ಐತಿ. ಬಲಗಾಲು ಏಳಕ್ಕ ಹೋಗೇತಿ," ಎಂದ. "ಒಂದ ನಂಬರ ಹಟಕ್ಕ ಹೋತು."

"ನಿನಗೂ ಬಾಯಿ ಇತ್ತಲಾ. ಕಾಲು ಹಿಂಗ ಅದಾವ ಅಂತ ಹೇಳಬೇಕಿತ್ತು. ತಟ್ಯಾಗ ಇಟ್ಟ ಕೊಡತಾರೇನ ಯಾರರೆ ಬೂಟಾ?"

"ಹೇಳಾಕ ಬಾಯಿ ತೆಗದಿದ್ದೆ. ಡಬ್ಬಿ ಬಂದ ಎದಿಗಿ ಬಡೀತು."

ಅವನು ಎದ್ದು ಎರಡು ಹೊಸ ಡಬ್ಬಿ ತೆಗೆದ. ಒಂದರಿಂದ ಎಡದ್ದು, ಇನ್ನೊಂದರಿಂದ ಬಲದ್ದು. ಉಳಿದ ಎರಡನ್ನು ಒಂದೇ ಡಬ್ಬಿಗೆ ತುಂಬಿ ಮೇಲಿನ ಸಾಲಿಗೆ ತಳ್ಳಿದ. ಅಲ್ಲಿ ಬಣ್ಣ ಮಾಸಿದ ಇನ್ನೊಂದು ಡಬ್ಬಿ ಮೊದಲೇ ಇತ್ತು. ಚೆನ್ನವ್ವ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

ರೊಕ್ಕ ಕೊಟ್ಟು, ಹೊಸ ಬೂಟು ಹಾಕಿಕೊಂಡು ಅವಳು ಹೊರಗೆ ಹೆಜ್ಜೆಯಿಟ್ಟಳು. ರಬ್ಬರಿನ ಸ್ಲೀಪರು ಬಾಗಿಲಲ್ಲೇ ಬಿದ್ದಿತ್ತು, ಬಲಗಾಲಿನದು ಆಗಲೇ ಒಳಮಗ್ಗುಲಿಗೆ ವಾಲಿತ್ತು.

"ನಿಮ್ಮ ಸ್ಲೀಪರ್ ಒಯ್ರಿ," ಎಂದು ಗುರಣ್ಣ ಒಳಗಿನಿಂದ ಕೂಗಿದ. "ನನ್ನ ಹೊಸ್ತಲ ಮ್ಯಾಲೆ ಬಿಡಬ್ಯಾಡ್ರಿ."

ಚೆನ್ನವ್ವ ತಿರುಗಿ ನೋಡಲಿಲ್ಲ.

"ಇಟಗೋ," ಎಂದಳು. "ಆಹೇರ."