ಕಲ್ಲಿನ ಉಣ್ಣೆ, ನುಸ್ರತ್‌ಳ ನಿದ್ದೆ

ಕೊಲ್ಲಿ ದೇಶದ ಬುದಯ್ಯ ಎಂಬ ಊರಿನ ತೋಟಗಳ ನಡುವೆ ಜುಮಾನಾಗೆ ಅಜ್ಜನಿಂದ ಬಂದ ಗೋದಾಮೊಂದಿತ್ತು. ಅದರಲ್ಲಿ ಡ್ರಮ್ಸ್ ಕಲಿಸುವ ಶಾಲೆ ತೆರೆಯುವುದು ಅವಳ ಆಸೆ. ವಿನ್ಯಾಸದ ಹೊಣೆ ಅಲ್ಲಿನ ಸೀಫ್ ಬಡಾವಣೆಯ ಕಚೇರಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ದಾವಣಗೆರೆಯ ಹಂಸಾಳದು. ಕಟ್ಟುವ ಕೆಲಸ ಉಡುಪಿಯ ಕಾಂಟ್ರಾಕ್ಟರ್ ಜಯರಾಜನದು. ತೊಡಕು ಎರಡು: ಮೇಲೆ ಕಾದ ಕಾವಲಿಯಂಥ ತಗಡಿನ ಮಾಡು, ಪಕ್ಕದ ಮನೆಯಲ್ಲಿ ನುಸ್ರತ್.

ನುಸ್ರತ್ ಜಗಳಗಂಟಿಯೇನಲ್ಲ. ರಾತ್ರಿಪಾಳಿಯ ನರ್ಸ್, ಹಗಲು ಮಲಗುವವಳು. ನಿಮ್ಮ ಶಾಲೆ ಚೆನ್ನಾಗಿ ನಡೆಯಲಿ, ನನ್ನ ನಿದ್ದೆಯನ್ನೊಂದು ಬಿಟ್ಟುಬಿಡಿ ಎಂದು ಅವಳು ಚಹಾ ಕೊಟ್ಟೇ ಹೇಳಿದ್ದಳು.

ಗೋಡೆಗೂ ಮಾಡಿಗೂ ಫೋಮ್ ಹಾಳೆ ಸಾಕು ಎಂದು ಜಯರಾಜನ ವಾದ. ಅದು ಸೆಕೆ ತಡೆದೀತು, ಡ್ರಮ್ಸ್ ಸದ್ದು ತಡೆಯುವುದಿಲ್ಲ ಎಂದಳು ಹಂಸಾ. ಅವಳು ಆರಿಸಿದ್ದು ಮರುಬಳಕೆಯ ಕಲ್ಲುಣ್ಣೆ. ಕೆಡವಿದ ಕಟ್ಟಡಗಳಿಂದ ಕಿತ್ತ ಹಳೆಯ ಉಣ್ಣೆಯನ್ನೂ ಉಕ್ಕಿನ ಕುಲುಮೆಯ ಕಿಟ್ಟವನ್ನೂ ಕಲ್ಲಿನೊಡನೆ ಕರಗಿಸಿ, ಬೊಂಬಾಯಿ ಮಿಠಾಯಿಯಂತೆ ಎಳೆ ತೆಗೆದು, ಒತ್ತಿ ಮಾಡಿದ ದಪ್ಪ ಹಾಸು. ಸೆಕೆಗೂ ಆಯಿತು, ಸದ್ದಿಗೂ ಆಯಿತು, ಬೆಂಕಿಗೂ ಹೆದರದು.

ಜುಮಾನಾ ಮೂಗು ಮುರಿದಳು. "ಯಾರದೋ ಮನೆಯ ಹಳೇ ಹಾಸಿಗೆ ನನ್ನ ಗೋಡೆಯೊಳಗೆ ಯಾಕೆ?" ಎಂದು ಹಿಂದಿಯಲ್ಲಿ ಕೇಳಿದಳು.

ಹಂಸಾ ವಾದಿಸಲಿಲ್ಲ. ನುಸ್ರತ್‌ಳ ಕಡೆಗಿದ್ದ ಒಂದೇ ಕೋಣೆಗೆ ಮೊದಲು ಹಾಕಿ ನೋಡೋಣ, ಒಪ್ಪಿಗೆಯಾಗದಿದ್ದರೆ ಕಿತ್ತರಾಯಿತು ಎಂದಳು. ಜಯರಾಜ ತುಂಬುತೋಳಿನ ಅಂಗಿ ತೊಟ್ಟು, ಮಾಸ್ಕ್ ಕಟ್ಟಿಕೊಂಡು ಹಾಸುಗಳನ್ನು ಚೌಕಟ್ಟಿನೊಳಗೆ ಕೂರಿಸಿ, ಮೇಲೆ ಜಿಪ್ಸಮ್ ಹಲಗೆ ಹೊಡೆದ. ಸದ್ದು ಕೇಳಿಸಿದರೆ ಫೋನ್ ಮಾಡಬೇಕೆಂದು ನುಸ್ರತ್‌ಗೆ ಹೇಳಿಬಂದರು. ಜುಮಾನಾ ಬಾರಿಸತೊಡಗಿದಳು. ಒಂದು ಸುತ್ತು ಮುಗಿಯುವ ಮೊದಲೇ ಫೋನ್ ರಿಂಗಾಯಿತು.

"ಇದು ಆಗ್ಲಿಕ್ಕಿಲ್ಲ ಅಂತ ನಾನು ಮೊದ್ಲೇ ಹೇಳಿದ್ದೆ ಅಲ್ವಾ ಮೇಡಂ," ಎಂದ ಜಯರಾಜ.

ಹಂಸಾಳ ಮುಖ ಬಿಸಿಯಾಯಿತು. ಆದರೂ ಜುಮಾನಾಗೆ ಇನ್ನೊಮ್ಮೆ ಬಾರಿಸಲು ಹೇಳಿ ಹೊರಗೆ ಹೋಗಿ, ಬಿಸಿಲಿನಲ್ಲಿ ಗೋಡೆಗೆ ಕಿವಿಯಿಟ್ಟುಕೊಂಡೇ ಸುತ್ತು ಹಾಕಿದಳು. ಗೋಡೆ ಮೌನವಾಗಿತ್ತು. ಸದ್ದು ಬರುತ್ತಿದ್ದದ್ದು ಬಾಗಿಲಿನ ಕೆಳಗಿನ ಸಂದಿಯಿಂದ, ಎಸಿ ಪೈಪಿಗೆಂದು ಕೊರೆದ ತೂತಿನಿಂದ. ಜಯರಾಜನನ್ನು ಕರೆದು ತೂತಿನ ಬಳಿ ನಿಲ್ಲಿಸಿದಳು. ಅವನು ಆಲಿಸಿ, ತಲೆ ಕೆರೆದುಕೊಂಡು, ತೂತಿಗೆ ಅದೇ ಉಣ್ಣೆ ತುರುಕಿ ಮುಚ್ಚಿದ. ಬಾಗಿಲಿಗೆ ರಬ್ಬರ್ ಅಂಚು ಕಟ್ಟಿದ.

ಮರುದಿನ ಜುಮಾನಾ ಹಟಕ್ಕೆ ಬಿದ್ದವಳಂತೆ, ಬೆವರಿಳಿಯುವವರೆಗೆ ಬಾರಿಸಿದಳು. ಫೋನ್ ಬರಲಿಲ್ಲ. ಕಾದು ಕಾದು ಮೂವರೂ ಹೋಗಿ ನುಸ್ರತ್‌ಳ ಬಾಗಿಲು ತಟ್ಟಿದರು. ಬಹಳ ಹೊತ್ತಿನ ಮೇಲೆ ಕೆದರಿದ ಕೂದಲಿನಲ್ಲಿ ಅವಳು ಬಂದು ನಿಂತಳು.

"ಇನ್ನೂ ಶುರು ಮಾಡಿಲ್ವಾ? ನಿಮ್ಮನ್ನ ಕಾದು ಕಾದು ನಿದ್ದೆ ಹತ್ತಿತು," ಎಂದಳು.

ಜುಮಾನಾ ನಗುತ್ತಾ ಮೆಟ್ಟಿಲ ಮೇಲೇ ಕುಳಿತುಬಿಟ್ಟಳು. ಇಡೀ ಕಟ್ಟಡಕ್ಕೆ ಅದೇ ಇರಲಿ, ಮಾಡಿಗೆ ಎರಡು ಪದರ ಹಾಕಿ ಎಂದು ಅಲ್ಲೇ ಹೇಳಿದಳು. ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ ಕೇಳಿದವಳು ಹಂಸಾ ಒಬ್ಬಳೇ. ಜಯರಾಜ ಆಗಲೇ ಕೈಬೆರಳುಗಳಿಂದ ಮಾಡಿನ ಅಳತೆ ಲೆಕ್ಕ ಹಾಕುತ್ತಾ ಗೋದಾಮಿನತ್ತ ಹೊರಟಿದ್ದ.