ಅವಳ ಹನ್ನೆರಡು ಗಂಟೆ

ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಹಿಂದಿನ ದಿನ ಇಸ್ತ್ರಿ ಮಿಷನ್ನನ್ನು ಯಾರೋ ಆಫ್ ಮಾಡದೆ ಬಿಟ್ಟು, ಕತ್ತಲಾಗುವ ಹೊತ್ತಿಗೆ ಬೆಡ್‌ಶೀಟುಗಳೆಲ್ಲ ಹೊತ್ತಿಕೊಂಡಿದ್ದವು. ತಪ್ಪು ಇಸ್ತ್ರಿಯವಳದೇ ಎಂದು ಮ್ಯಾನೇಜರ್ ದೂರಿದ್ದ. ಅವಳು ಬೇರೆ ದೇಶದವಳಾದ್ದರಿಂದ ವಿಚಾರಣೆಗೆ ಒಬ್ಬ ದುಭಾಷಿಯನ್ನು ಕರೆಸಿದ್ದರು.

"ಹನ್ನೆರಡಕ್ಕೆ ಆಫ್ ಮಾಡಿ ಮನೆಗೆ ಹೋದೆ ಅಂತಿದಾರೆ," ಎಂದಳು ದುಭಾಷಿ.

ಮ್ಯಾನೇಜರ್ ತೊಡೆ ತಟ್ಟಿದ. "ಕೇಳಿದ್ರಾ ಮಾವ? ಮಧ್ಯಾಹ್ನ ಊಟ ಆದ್ಮೇಲೂ ಮಿಷನ್ ಓಡ್ತಿದ್ದದ್ದನ್ನ ಎಲ್ಲರೂ ನೋಡಿದಾರೆ. ಬಾಯಿ ಬಿಟ್ರೆ ಸುಳ್ಳು."

ಮಾವನೇ ಹೋಟೆಲಿನ ಮಾಲೀಕ. ಹಲ್ಲಿನ ಸಂದಿಯಿಂದ ಕಡ್ಡಿಯಲ್ಲಿ ಏನನ್ನೋ ಕೆದಕಿ ತೆಗೆದು, ತೆಗೆದದ್ದನ್ನು ನೋಡುತ್ತ ಕೂತಿದ್ದ.

"ಸುಳ್ಳಲ್ಲ ಸಾರ್. ಇವರ ಕಡೆ ಗಂಟೆ ಎಣಿಸೋದು ಹೊತ್ತು ಹುಟ್ಟಿದಾಗಿಂದ. ನಮ್ಮ ಬೆಳಿಗ್ಗೆ ಏಳು ಇವರಿಗೆ ಒಂದು. ಇವರ ಹನ್ನೆರಡು ಅಂದ್ರೆ ನಮ್ಮ ಸಂಜೆ ಆರು."

"ಓಹೋ, ಅವಳ ಸೂರ್ಯನೇ ಬೇರೇನಾ?" ಮ್ಯಾನೇಜರ್ ನಕ್ಕ. "ಇಂಥ ಕಾಗಕ್ಕ ಗುಬ್ಬಕ್ಕನ ಕಥೆ ನಾನಂತೂ ಕೇಳಿಲ್ಲ."

ದುಭಾಷಿ ಅದನ್ನೂ ಅವಳಿಗೆ ತಿಳಿಸಿದಳು. ಇಸ್ತ್ರಿಯವಳು ಮ್ಯಾನೇಜರನ ಮುಖವನ್ನೇ ದಿಟ್ಟಿಸಿದಳು. ಅವಳು ಹೇಳಿದ್ದನ್ನು ದುಭಾಷಿ ಒಂದಕ್ಷರ ಬಿಡದೆ ಒಪ್ಪಿಸಿದಳು: "ದಿನಾ ಹೊರಡುವಾಗ ಇವರೇ ನನ್ನ ಭಾಷೇಲಿ 'ನಾಳೆ ಒಂದು ಗಂಟೆಗೆ ಬಾ' ಅಂತಾರೆ. ನಾನು ನಿಮ್ಮ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಇಷ್ಟು ಬೇಗ ಯಾಕೆ ಬಂದೆ ಅಂತ ಯಾವತ್ತೂ ಕೇಳಿಲ್ಲ. ನಿನ್ನೆ ನಾನು ಹೊರಟಾಗ, ಪಾರ್ಟಿಗೆ ಅಂಗಿ ಇಸ್ತ್ರಿ ಮಾಡ್ಕೋಬೇಕು ಅಂತ ಮಿಷನ್ ಮತ್ತೆ ಹಾಕಿದ್ದೂ ಇವರೇ."

ಮಾಲೀಕ ಅಳಿಯನತ್ತ ನೋಡಿದ. ಅಳಿಯ ನೆಲ ನೋಡಿದ. ನಿಜವೇನೆಂದು ಮಾಲೀಕ ಕೇಳಲಿಲ್ಲ.

"ನೋಡಮ್ಮ, ಇವನು ನನ್ನ ಮಗಳ ಗಂಡ. ಇಸ್ತ್ರಿಗೆ ಯಾರಾದ್ರೂ ಸಿಕ್ತಾರೆ, ಅಳಿಯ ಸಿಕ್ತಾನಾ? ನಾಳೆಯಿಂದ ಬರಬೇಡ ಅಂತ ಅವಳಿಗೆ ಹೇಳ್ಬಿಡು."

ದುಭಾಷಿಗೆ ಇವರ ಮಾತನ್ನು ಇಷ್ಟು ಹೊತ್ತು ತನ್ನ ನಾಲಿಗೆಯಲ್ಲಿ ಹೊತ್ತಿದ್ದಕ್ಕೇ ಬಾಯಿ ಮುಕ್ಕಳಿಸಬೇಕೆನಿಸಿತು.

"ನಾನು ಹೇಳಲ್ಲ. ನಿಮ್ಮ ಅಳಿಯಂದಿರಿಗೆ ಭಾಷೆ ಬರುತ್ತಲ್ಲ, ಅವರೇ ಹೇಳಲಿ."

ಮ್ಯಾನೇಜರ್ ಬಾಯಿ ತೆರೆದ, ಮುಚ್ಚಿದ. 'ಬಾ' ಎನ್ನುವುದನ್ನು ಕಲಿತಿದ್ದನೇ ಹೊರತು 'ಬರಬೇಡ' ಎನ್ನುವುದನ್ನು ಕಲಿತಿರಲಿಲ್ಲ. ಕೊನೆಗೆ ನಾಯಿಯನ್ನು ಅಟ್ಟುವವನಂತೆ ಬಾಗಿಲಿನತ್ತ ಕೈ ಬೀಸಿದ.

ಇಸ್ತ್ರಿಯವಳು ಏಪ್ರನ್ ಬಿಚ್ಚಿ ನೆಲಕ್ಕೆ ಹಾಕಿ ಹೊರಟಳು. ದುಭಾಷಿಯೂ ಎದ್ದಳು.

"ಚಹಾ ಕುಡಿದು ಹೋಗಮ್ಮ," ಎಂದ ಮಾಲೀಕ, ಏನೂ ಆಗಿಲ್ಲವೆಂಬಂತೆ.

"ಇಲ್ಲಿ ನೀರೂ ಇಳಿಯಲ್ಲ ಸಾರ್."

ಆ ವಾರವೇ ದುಭಾಷಿ ಅವಳನ್ನು ಕಾರ್ಮಿಕ ಇಲಾಖೆಗೆ ಕರೆದೊಯ್ದು ದೂರು ಕೊಡಿಸಿದಳು. ಹೋದ ಕೆಲಸ ಮರಳಲಿಲ್ಲ. ಇನ್ನೊಂದು ಲಾಂಡ್ರಿಯಲ್ಲಿ ಅವಳಿಗೆ ಬೇರೆ ಕೆಲಸ ಸಿಕ್ಕಿತು. ಮ್ಯಾನೇಜರ್ ಮಾತ್ರ ಅಲ್ಲಿಯೇ ಇದ್ದಾನೆ. ಹೋಟೆಲಿನ ಬೀದಿಯಲ್ಲಿ ಹೋಗಬೇಕಾದರೆ ದುಭಾಷಿ ಈಗಲೂ ಎದುರು ಬದಿಗೆ ದಾಟಿ, ಮುಖ ತಿರುಗಿಸಿಕೊಂಡು ನಡೆಯುತ್ತಾಳೆ.